ಸಣ್ಣ ಸೋಲಾರ್ ಪ್ಲೇಟ್ ನಿಜವಾಗಿ ಎಷ್ಟು ಕರೆಂಟ್ ಕೊಡುತ್ತದೆ? ಕೊಳ್ಳುವ ಮೊದಲು ಲೆಕ್ಕ, ಕೊಂಡ ಮೇಲೆ ಪರೀಕ್ಷೆ

"ನೂರು ವ್ಯಾಟ್ ಪ್ಲೇಟ್ ಹಾಕಿಸಿದ್ದೀನಿ, ಬೆಳಗಿನ ಜಾವಕ್ಕೆ ಬ್ಯಾಟರಿ ಖಾಲಿ. ಪ್ಲೇಟ್ ಕೆಟ್ಟಿದೆಯಾ?" ಶ್ರೀನಿವಾಸಪುರದ ಮಾವಿನ ತೋಟದ ಕಾವಲು ಮನೆ ಇರಲಿ, ಶಿಡ್ಲಘಟ್ಟದ ರೇಷ್ಮೆ ಹುಳು ಮನೆ ಇರಲಿ, ತಿಪಟೂರಿನ ತೆಂಗಿನ ತೋಟ ಇರಲಿ, ದೂರು ಇದೇ. ಬಹುಪಾಲು ಸಲ ಪ್ಲೇಟ್ ಕೆಟ್ಟಿರುವುದಿಲ್ಲ. ಪ್ಲೇಟ್ ಮೊದಲು ಕೊಂಡು ಲೆಕ್ಕ ಆಮೇಲೆ ಮಾಡಿರುತ್ತಾರೆ, ಅಷ್ಟೇ.

ಇಲ್ಲಿ ಹೇಳುವುದು 5ರಿಂದ ಸುಮಾರು 200 ವ್ಯಾಟ್ ವರೆಗಿನ, 12 ವೋಲ್ಟ್ ಬ್ಯಾಟರಿಗೆ ಜೋಡಿಸುವ ಪ್ಲೇಟ್‌ಗಳ ವಿಷಯ. ತಾರಸಿ ಮೇಲೆ ಕಿಲೋವ್ಯಾಟ್‌ಗಟ್ಟಲೆ ಹಾಕಿಸಿ ಬೆಸ್ಕಾಂ ಲೈನಿಗೆ ಸೇರಿಸುವುದು ಬೇರೆ ಕತೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನಿಂದ ಶುರು ಮಾಡಿದವರೇ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುವುದು.

## ಕೈಯಲ್ಲಿ ಏನಿರಬೇಕು

ಡಿಸಿ (ಪ್ಲೇಟು, ಬ್ಯಾಟರಿ ಕೊಡುವ ಬಗೆಯ ಕರೆಂಟ್) 10 ಆಂಪಿಯರ್ ಅಳೆಯುವ ಮಲ್ಟಿಮೀಟರ್, ಅಳತೆ ಟೇಪು, ಒಂದು ಗೋಣಿಚೀಲ ಅಥವಾ ದಪ್ಪ ಬಟ್ಟೆ, ದಿಕ್ಕು ನೋಡಲು ಮೊಬೈಲಿನ ಕಂಪಾಸು. ವೈರು ಬಿಚ್ಚದೆ ಸುತ್ತ ಹಿಡಿದು ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅದು ಡಿಸಿ ಅಳೆಯುತ್ತದಾ ಅಂತ ನೋಡಿಕೊಳ್ಳಿ. ಮನೆ ವೈರಿಂಗ್ ಮಾಡುವವರ ಬಳಿ ಇರುವ ಎಷ್ಟೋ ಕ್ಲಾಂಪ್ ಮೀಟರ್‌ಗಳು ಎಸಿ, ಅಂದರೆ ಮನೆ ಲೈನಿನ ಕರೆಂಟ್, ಮಾತ್ರ ಅಳೆಯುತ್ತವೆ. ಸೋಲಾರ್ ವೈರಿಗೆ ಅದನ್ನು ಹಾಕಿದರೆ ಸೊನ್ನೆ ತೋರಿಸುತ್ತದೆ, ನೀವು ಪ್ಲೇಟನ್ನು ಬೈಯುತ್ತೀರಿ.

## ಹಂತ 1: ಮೊದಲು ನಿಮ್ಮ ಖರ್ಚು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಏನೇನು ಉರಿಯಬೇಕು, ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಅಂತ ಬರೆಯಿರಿ. ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. ಕರೆಂಟ್ ಬಿಲ್ಲಿನ 1 ಯೂನಿಟ್ ಅಂದರೆ ಇಂಥ 1000.

ಒಂದು ತೋಟದ ಮನೆಯ ಲೆಕ್ಕ ಹಾಕೋಣ. 7 ವ್ಯಾಟಿನ ಎರಡು ಡಿಸಿ ಬಲ್ಬು, ರಾತ್ರಿ 4 ಗಂಟೆ: 56. ಎರಡು ಮೊಬೈಲ್ ಚಾರ್ಜಿಂಗ್, ತಲಾ 15ರಂತೆ: 30. ಸಿಮ್ ಹಾಕುವ ಸಿಸಿ ಕ್ಯಾಮೆರಾ, 6 ವ್ಯಾಟ್, 24 ಗಂಟೆ: 144. ಒಟ್ಟು 230 ವ್ಯಾಟ್-ಅವರ್.

ಗಮನಿಸಿ, ಇಲ್ಲಿ ಕರೆಂಟ್ ತಿನ್ನುತ್ತಿರುವುದು ಬಲ್ಬಲ್ಲ, ಆ 6 ವ್ಯಾಟಿನ ಕ್ಯಾಮೆರಾ. "ಅದೇನು ಮಹಾ, ಆರೇ ವ್ಯಾಟು" ಅಂತ ಅದನ್ನು ಪಟ್ಟಿಗೇ ಸೇರಿಸದೆ ಬಿಡುವುದು ನಾನು ಕಂಡ ದೊಡ್ಡ ತಪ್ಪು. ಹಗಲೂ ರಾತ್ರಿ ಓಡುವ ವಸ್ತು ಎಷ್ಟೇ ಸಣ್ಣದಿರಲಿ, ಮೊದಲು ಬರೆಯಬೇಕಾದ್ದು ಅದನ್ನೇ. ಇಂಟರ್ನೆಟ್ ರೌಟರ್ ಕೂಡ ಇದೇ ಜಾತಿ.

230 ವೋಲ್ಟಿನ ಬಲ್ಬು, ಫ್ಯಾನನ್ನೇ ಇನ್ವರ್ಟರ್ ಮೂಲಕ ಓಡಿಸುವುದಾದರೆ ಶೇಕಡ 15 ಜಾಸ್ತಿ ಸೇರಿಸಿ. ಬಲ್ಬು ಆರಿಸಿದ್ದರೂ ಇನ್ವರ್ಟರ್ ತಾನು ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ಸಣ್ಣ ವ್ಯವಸ್ಥೆಗೆ ಡಿಸಿ ಬಲ್ಬು, ಡಿಸಿ ಫ್ಯಾನ್ ಕೊಳ್ಳುವುದೇ ಜಾಣತನ.

## ಹಂತ 2: ನಿಮ್ಮ ಊರಿನ ಬಿಸಿಲನ್ನು ಗಂಟೆಗೆ ಇಳಿಸಿ

ಬೆಳಕು 12 ಗಂಟೆ ಇದ್ದರೂ ಪ್ಲೇಟಿನ ಪೂರ್ತಿ ಶಕ್ತಿ 12 ಗಂಟೆ ಸಿಗುವುದಿಲ್ಲ. ಬೆಳಗಿನ, ಸಂಜೆಯ ಇಳಿಬಿಸಿಲನ್ನೆಲ್ಲ ಒಟ್ಟುಗೂಡಿಸಿ "ಪೂರ್ಣ ಬಿಸಿಲಿನ ಗಂಟೆ" ಅಂತ ಲೆಕ್ಕ ಹಾಕುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರಕ್ಕೂ ವರ್ಷದ ಸರಾಸರಿ ಸುಮಾರು 5 ಗಂಟೆ ಅಂತ ಇಟ್ಟುಕೊಳ್ಳಿ. ಮಾರ್ಚ್-ಏಪ್ರಿಲ್‌ನಲ್ಲಿ 6ರ ಹತ್ತಿರ ಹೋಗುತ್ತದೆ.

ಆದರೆ ಪ್ಲೇಟ್ ಕೊಳ್ಳುವಾಗ ಸರಾಸರಿ ನೋಡಬೇಡಿ, ಕೆಟ್ಟ ತಿಂಗಳನ್ನು ನೋಡಿ. ಜುಲೈ-ಆಗಸ್ಟಿನ ಮೋಡ ಮುಚ್ಚಿದ ದಿನಗಳಲ್ಲಿ 3 ಗಂಟೆಗೂ ಇಳಿಯುತ್ತದೆ. ಹಿಂಗಾರಿನಲ್ಲಿ ಚೆನ್ನೈ ಕಡೆ ಸೈಕ್ಲೋನ್ ಎದ್ದರೆ ಕೋಲಾರದಲ್ಲಿ ಎರಡು ಮೂರು ದಿನ ಸೋನೆ ಮಳೆ ಹಿಡಿಯುವುದು ಗೊತ್ತೇ ಇದೆ. ನಂದಿ ಬೆಟ್ಟದ ಬುಡದ ಊರುಗಳಲ್ಲಿ ಚಳಿಗಾಲದ ಬೆಳಗಿನ ಮಂಜು ಒಂದಷ್ಟು ಕಳೆಯುತ್ತದೆ. ಹಾಗಾಗಿ ಲೆಕ್ಕಕ್ಕೆ 3 ಗಂಟೆ ಹಿಡಿಯಿರಿ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕೇ ಇದೆ, ಈ ಸೀಮೆಗೆ ಬಿಸಿಲಿನ ಬರವಿಲ್ಲ ನಿಜ. ಆದರೆ ಮೋಡದ ದಿನವೂ ಕ್ಯಾಮೆರಾ ಓಡಬೇಕಲ್ವಾ?

## ಹಂತ 3: ಪ್ಲೇಟ್ ಹಿಂದಿನ ಚೀಟಿ ಓದಿ

ಚೀಟಿಯಲ್ಲಿ ಐದು ಅಂಕಿ ಮುಖ್ಯ. 12 ವೋಲ್ಟ್ ಬ್ಯಾಟರಿಗೆ ಬರುವ, 36 ಸೆಲ್ಲಿನ (ಗಾಜಿನ ಒಳಗೆ ಕಾಣುವ ಒಂದೊಂದು ತುಂಡೂ ಒಂದು ಸೆಲ್) 40 ವ್ಯಾಟ್ ಪ್ಲೇಟಿನಲ್ಲಿ ಅವು ಹೆಚ್ಚುಕಡಿಮೆ ಹೀಗಿರುತ್ತವೆ.

ಪಿ-ಮ್ಯಾಕ್ಸ್ 40 ವ್ಯಾಟ್: ಅತಿ ಹೆಚ್ಚು ಶಕ್ತಿ. ವಿ-ಒಸಿ 21.6 ವೋಲ್ಟ್: ಏನೂ ಜೋಡಿಸದೆ ಸುಮ್ನೆ ಅಳೆದಾಗಿನ ವೋಲ್ಟೇಜ್. ಐ-ಎಸ್‌ಸಿ 2.4 ಆಂಪಿಯರ್: ಎರಡೂ ವೈರು ಸೇರಿಸಿದಾಗ ಹರಿಯುವ ಕರೆಂಟ್. ವಿ-ಎಂಪಿ 17.5 ವೋಲ್ಟ್ ಮತ್ತು ಐ-ಎಂಪಿ 2.28 ಆಂಪಿಯರ್: ಪ್ಲೇಟ್ ಪೂರ್ತಿ ದುಡಿಯುವಾಗಿನ ವೋಲ್ಟು ಮತ್ತು ಕರೆಂಟು. ಈ ಎರಡನ್ನು ಗುಣಿಸಿದರೆ 40 ಬರಬೇಕು. ಬರದಿದ್ದರೆ ಆ ಚೀಟಿಯನ್ನು ನಂಬಬೇಡಿ.

ಈ ಅಂಕಿಗಳು ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್ಲಿನ ಬಿಸಿ 25 ಡಿಗ್ರಿ ಇರುವಾಗಿನವು. ನಮ್ಮಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಏಪ್ರಿಲ್ ಮಧ್ಯಾಹ್ನ ಸೆಲ್ 65 ಡಿಗ್ರಿ ಮುಟ್ಟುತ್ತದೆ, ಗಾಜಿನ ಮೇಲೆ ಕೈ ಇಡಲಾಗುವುದಿಲ್ಲ. 25ರ ಮೇಲೆ ಏರುವ ಪ್ರತಿ ಡಿಗ್ರಿಗೂ ಶಕ್ತಿ ಸುಮಾರು ಶೇಕಡ 0.4 ಕಡಿಮೆಯಾಗುತ್ತದೆ. 40 ಡಿಗ್ರಿ ಏರಿದರೆ ಶೇಕಡ 16 ಹೋಯಿತು. 40 ವ್ಯಾಟ್ ಪ್ಲೇಟ್ ಆಗ 34ರ ಸುಮಾರಿಗೆ ನಿಲ್ಲುತ್ತದೆ. ಪ್ಲೇಟಿಗೆ ಬೇಕಾದ್ದು ಬೆಳಕು, ಸೆಕೆ ಅಲ್ಲ. ಜನವರಿಯ ತಣ್ಣನೆಯ, ಮೋಡವಿಲ್ಲದ ಹಗಲಲ್ಲಿ ಅದೇ ಪ್ಲೇಟ್ ಚೀಟಿಯ ಅಂಕಿಗೆ ಹೆಚ್ಚು ಹತ್ತಿರ ಬರುತ್ತದೆ.

## ಹಂತ 4: ಅಂಗಡಿಯಲ್ಲೇ ಟೇಪು ಹಿಡಿಯಿರಿ

ಇದು ಎರಡು ನಿಮಿಷದ ಕೆಲಸ, ಆದರೆ ಯಾರೂ ಮಾಡುವುದಿಲ್ಲ. ಒಂದು ಚದರ ಅಡಿ ಪ್ಲೇಟಿನಿಂದ ಸುಮಾರು 12ರಿಂದ 18 ವ್ಯಾಟ್ ಬರುತ್ತದೆ. ನಿಜವಾದ 100 ವ್ಯಾಟ್ ಪ್ಲೇಟ್ ಆರೇಳು ಚದರ ಅಡಿ ಇರಲೇಬೇಕು. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಪ್ಲೇಟಿನ ಮೇಲೆ 100 ವ್ಯಾಟ್ ಅಂತ ಬರೆದಿದ್ದರೆ ಮಾತಾಡದೆ ವಾಪಸ್ ಕೊಡಿ. ಬಿಸಿಲು ಎಲ್ಲಿಯದಾದರೂ ಅಷ್ಟು ಜಾಗದಲ್ಲಿ ಅಷ್ಟು ಕರೆಂಟ್ ಹುಟ್ಟುವುದಿಲ್ಲ.

ಕಂಬಕ್ಕೆ ಕಟ್ಟುವ, ಎಲ್ಲ ಒಂದರಲ್ಲೇ ಇರುವ "200 ವ್ಯಾಟ್" ಸೋಲಾರ್ ದೀಪಗಳಿಗೂ ಇದೇ ಟೇಪು ಹಿಡಿಯಿರಿ. ಮೇಲಿನ ಪ್ಲೇಟ್ ಒಂದು ಚದರ ಅಡಿಯೂ ಇರುವುದಿಲ್ಲ. ಆಮೇಲೆ ಪ್ಲೇಟಿನ ಮೇಲೆ ಐಎಸ್ 14286 ಅಂತ ಇದೆಯಾ ನೋಡಿ, ಇದು ಸಿಲಿಕಾನ್ ಪ್ಲೇಟ್‌ಗಳ ಭಾರತೀಯ ಮಾನಕ.

## ಹಂತ 5: ನಷ್ಟ ಕಳೆದು ಪ್ಲೇಟಿನ ಅಳತೆ ತೀರ್ಮಾನಿಸಿ

ಇಲ್ಲಿ ನಿಧಾನವಾಗಿ ಓದಿ. ಬಹಳಷ್ಟು ಜನ ಎಡವುವುದು ಇಲ್ಲೇ.

ಪ್ಲೇಟಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜನ್ನು ಹದ್ದುಬಸ್ತಿನಲ್ಲಿಡುವ ಡಬ್ಬಿಗೆ ಚಾರ್ಜ್ ಕಂಟ್ರೋಲರ್ ಅನ್ನುತ್ತಾರೆ. ಅಗ್ಗದ ಚಾರ್ಜ್ ಕಂಟ್ರೋಲರ್‌ಗಳೆಲ್ಲ ಪಿಡಬ್ಲ್ಯುಎಂ ಎಂಬ ಬಗೆಯವು. ಇವು ಪ್ಲೇಟಿನ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ತರುತ್ತವೆ. ಆಂಪಿಯರ್ ಹಾಗೇ ಇರುತ್ತದೆ. ಅಂದರೆ 100 ವ್ಯಾಟ್ ಪ್ಲೇಟಿನ 5.5 ಆಂಪಿಯರ್ 18 ವೋಲ್ಟಿನಲ್ಲಿ ಬರುವ ಬದಲು 13 ವೋಲ್ಟಿನಲ್ಲಿ ಬರುತ್ತದೆ. ಗುಣಿಸಿದರೆ 72 ವ್ಯಾಟ್. ಧೂಳು, ವೈರು, ಬ್ಯಾಟರಿ ನುಂಗುವುದನ್ನೂ ಕಳೆದರೆ ಪಿಡಬ್ಲ್ಯುಎಂ ಜೊತೆ ಲೆಡ್ ಆಸಿಡ್ ಬ್ಯಾಟರಿ ಇರುವ ವ್ಯವಸ್ಥೆಯಲ್ಲಿ ಚೀಟಿಯ ಅಂಕಿಯ ಶೇಕಡ 55 ನಿಮ್ಮ ಕೈಗೆ ಸಿಗುತ್ತದೆ. ಎಂಪಿಪಿಟಿ ಎಂಬ ಇನ್ನೊಂದು ಬಗೆಯ ಕಂಟ್ರೋಲರ್ ಹೆಚ್ಚಿನ ವೋಲ್ಟನ್ನು ಬಿಸಾಡದೆ ಆಂಪಿಯರಿಗೆ ಬದಲಿಸುತ್ತದೆ. ಅದರ ಜೊತೆ ಲಿಥಿಯಂ ಬ್ಯಾಟರಿ ಇದ್ದರೆ ಶೇಕಡ 70.

ಈಗ ನಮ್ಮ ತೋಟದ ಮನೆ: 230ನ್ನು 3 ಗಂಟೆಯಿಂದ, ಆಮೇಲೆ 0.55ರಿಂದ ಭಾಗಿಸಿ. 139 ಬರುತ್ತದೆ, 150 ವ್ಯಾಟ್ ಪ್ಲೇಟ್ ಕೊಳ್ಳಬೇಕು. 100 ವ್ಯಾಟ್ ಹಾಕಿಸಿದ್ದರೆ? 5 ಗಂಟೆ ಬಿಸಿಲಿನ ದಿನ 275 ವ್ಯಾಟ್-ಅವರ್ ಸಿಗುತ್ತದೆ, ಮಾರ್ಚಿನಲ್ಲಿ ಎಲ್ಲ ಸರಿ ಇದೆ ಅನಿಸುತ್ತದೆ. 3 ಗಂಟೆಯ ದಿನ 165 ಮಾತ್ರ. ಬ್ಯಾಟರಿ ದಿನಾ 65ರಷ್ಟು ಸಾಲ ಮಾಡಿಕೊಳ್ಳುತ್ತಾ ಹೋಗಿ ಜುಲೈನಲ್ಲಿ ಕೈ ಎತ್ತುತ್ತದೆ. "ಮೂರು ತಿಂಗಳು ಚೆನ್ನಾಗಿತ್ತು, ಆಮೇಲೆ ಕೆಟ್ಟಿತು" ಅನ್ನುವ ದೂರಿನ ಒಳಗುಟ್ಟು ಇದು.

ಇನ್ನೊಂದು ತಪ್ಪು: ಮನೆ ತಾರಸಿಗೆ ಹಾಕುವ 335 ವ್ಯಾಟಿನ ದೊಡ್ಡ ಪ್ಲೇಟ್ ಅಗ್ಗಕ್ಕೆ ಸಿಕ್ಕಿತು ಅಂತ 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯುಎಂ ಮೂಲಕ ಕೊಡುವುದು. ಅದರ ಕರೆಂಟ್ ಸುಮಾರು 9 ಆಂಪಿಯರ್. 13 ವೋಲ್ಟಿನಲ್ಲಿ 117 ವ್ಯಾಟ್. ಉಳಿದ ಇನ್ನೂರು ಚಿಲ್ಲರೆ ವ್ಯಾಟ್ ಗಾಳಿಗೆ. ಅಷ್ಟು ಹೆಚ್ಚಿನ ವೋಲ್ಟೇಜ್ ತಡೆಯದ ಕಂಟ್ರೋಲರ್ ಆದರೆ ಸುಟ್ಟೂ ಹೋಗುತ್ತದೆ.

ಎಂಪಿಪಿಟಿ ಅಂತ ಬರೆದ ಎಷ್ಟೋ ಅಗ್ಗದ ಡಬ್ಬಿಗಳ ಒಳಗೆ ಪಿಡಬ್ಲ್ಯುಎಂ ಇರುತ್ತದೆ. ಕಂಡುಹಿಡಿಯುವುದು ಸುಲಭ. ಬ್ಯಾಟರಿ ಅರ್ಧ ಖಾಲಿ ಇರುವಾಗ, ಬಿಸಿಲಿನಲ್ಲಿ, ಪ್ಲೇಟಿನ ವೈರು ಸೇರುವ ಎರಡು ಸ್ಕ್ರೂಗಳ ಮೇಲೆ ವೋಲ್ಟೇಜ್ ನೋಡಿ. ಬ್ಯಾಟರಿಯಷ್ಟೇ, ಅಂದರೆ 13ರ ಹತ್ತಿರ ತೋರಿಸಿದರೆ ಅದು ಪಿಡಬ್ಲ್ಯುಎಂ. 15-16ರ ಮೇಲಿದ್ದರೆ ನಿಜವಾದ ಎಂಪಿಪಿಟಿ.

## ಹಂತ 6: ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಬಲ್ಬು, ಮೊಬೈಲ್, ರೇಡಿಯೋ, ಕ್ಯಾಮೆರಾ, ಕಾಡುಹಂದಿ ತಡೆಯುವ ಸೋಲಾರ್ ಬೇಲಿ, ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಚಾರ್ಜ್ ಮಾಡುವುದು, ಇವಕ್ಕೆಲ್ಲ ಸಣ್ಣ ಪ್ಲೇಟ್ ಹೇಳಿ ಮಾಡಿಸಿದ್ದು. 12 ವೋಲ್ಟ್, 8 ಆಂಪಿಯರ್-ಅವರ್ ಸ್ಪ್ರೇಯರ್ ಬ್ಯಾಟರಿಯಲ್ಲಿ ಹಿಡಿಯುವುದೇ 96 ವ್ಯಾಟ್-ಅವರ್. 40 ವ್ಯಾಟ್ ಪ್ಲೇಟ್ ಒಳ್ಳೆಯ ಬಿಸಿಲಿನ ಒಂದು ದಿನದಲ್ಲಿ ಅದನ್ನು ಹೆಚ್ಚುಕಡಿಮೆ ತುಂಬುತ್ತದೆ.

ಫ್ಯಾನ್ ಬೇಕಿದ್ದರೆ ಕಡಿಮೆ ಕರೆಂಟ್ ತಿನ್ನುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ತನ್ನಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಕೇಳುತ್ತದೆ. ಹುಳು ಮನೆಯಲ್ಲಿ ನಾಲ್ಕೈದು ಫ್ಯಾನ್ ಹಗಲೂ ರಾತ್ರಿ ಓಡಬೇಕು ಅಂದರೆ ಸಣ್ಣ ಪ್ಲೇಟಿನ ಮಾತು ಬಿಡಿ, ಅಲ್ಲಿ ದೀಪಕ್ಕಷ್ಟೇ ಸೋಲಾರ್ ಇಡಿ.

ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು ಬೇಡ. ಪಂಪಂತೂ ಬೇಡವೇ ಬೇಡ. 5 ಎಚ್‌ಪಿ ಮೋಟಾರ್ ಅಂದರೆ 3.7 ಕಿಲೋವ್ಯಾಟ್. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗೆ ಅದೂ ಸಾಲುವುದಿಲ್ಲ.

## ಹಂತ 7: ಬ್ಯಾಟರಿ ಮತ್ತು ವೈರು

ಎರಡು ದಿನ ಬಿಸಿಲಿಲ್ಲದಿದ್ದರೂ ನಡೆಯಬೇಕು ಅಂದರೆ 460 ವ್ಯಾಟ್-ಅವರ್ ಕೂಡಿಡಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 80 ಆಂಪಿಯರ್-ಅವರ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದರೆ ಶೇಕಡ 80 ಬಳಸಬಹುದು, 50 ಸಾಕು. ಕಂಟ್ರೋಲರಿನಲ್ಲಿ ಬ್ಯಾಟರಿಯ ಬಗೆ ಸರಿಯಾಗಿ ಸೆಟ್ ಮಾಡಿ. ಟ್ರ್ಯಾಕ್ಟರಿನಿಂದ ತೆಗೆದ ಹಳೇ ಬ್ಯಾಟರಿ ಹಾಕಬೇಡಿ. ಅದು ಸ್ಟಾರ್ಟ್ ಮಾಡಲು ಇರುವಂಥದ್ದು, ದಿನಾ ಖಾಲಿಯಾಗಿ ತುಂಬುವ ಕೆಲಸಕ್ಕಲ್ಲ.

ವೈರಿನ ವಿಷಯದಲ್ಲಿ ಜಿಪುಣತನ ಮಾಡಿದರೆ ಪ್ಲೇಟಿಗೆ ಹಾಕಿದ ದುಡ್ಡು ವೈರಿನಲ್ಲೇ ಕರಗುತ್ತದೆ. ಪ್ಲೇಟಿನಿಂದ ಬ್ಯಾಟರಿಗೆ 10 ಮೀಟರ್ ಇದ್ದರೆ, ಹೋಗಿಬರಲು 20 ಮೀಟರ್. 1 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 8 ಆಂಪಿಯರ್ ಹರಿದರೆ ಸುಮಾರು 3 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ 0.8 ವೋಲ್ಟ್. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಒಂದು ಫ್ಯೂಸ್ ಇರಲಿ.

ಜೋಡಿಸುವ ಕ್ರಮ: ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ, ಆಮೇಲೆ ಪ್ಲೇಟ್, ಕೊನೆಗೆ ಬಲ್ಬು. ಬಿಚ್ಚುವಾಗ ತಿರುಗಾಮುರುಗಾ, ಬ್ಯಾಟರಿ ಕೊನೆಗೆ. ಬಿಸಿಲಿನಲ್ಲಿ ಪ್ಲೇಟ್ ಜೋಡಿಸಿದ್ದಾಗ ಬ್ಯಾಟರಿ ಬಿಚ್ಚಿದರೆ ಕಂಟ್ರೋಲರ್ ಹೋಗಬಹುದು.

## ಹಂತ 8: ಪ್ಲೇಟ್ ನಿಲ್ಲಿಸುವುದು

ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆ ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ಅದಕ್ಕೆ ಈ ಲೆಕ್ಕ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಇರುತ್ತಾನೆ. ಆಗ ಪ್ಲೇಟ್ ತಿರುಗಿಸುವ ಗೋಜಿಗೆ ಹೋಗಬೇಡಿ, ನಷ್ಟ ಶೇಕಡ ಹತ್ತೂ ಇಲ್ಲ. ತೀರಾ ಚಪ್ಪಟೆಯಾಗಿ ಮಲಗಿಸಬೇಡಿ, ಮಳೆ ನೀರು ಧೂಳನ್ನು ತೊಳೆದುಕೊಂಡು ಜಾರುವಷ್ಟು ಓರೆ ಬೇಕು.

ಓರೆಯ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರು ನೆರಳನ್ನು ನೋಡುವುದೇ ಇಲ್ಲ. ನೆರಳು ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಶತ್ರು. 36 ಸೆಲ್ಲೂ ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಡ್ರಿಪ್ ಪೈಪಿನ ಬಾಯಲ್ಲಿ ಕಸ ಸಿಕ್ಕಿಕೊಂಡರೆ ಸಾಲಿನ ಕೊನೆಯವರೆಗೂ ನೀರು ಬರುವುದಿಲ್ಲವಲ್ಲ, ಹಾಗೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ: ಚಾರ್ಜ್ ಆಗುತ್ತಿರುವಾಗ ಮೀಟರ್ ನೋಡುತ್ತಾ ಒಂದೇ ಒಂದು ಸೆಲ್ಲಿನ ಮೇಲೆ ರಟ್ಟಿನ ತುಂಡು ಮುಚ್ಚಿ. ಎರಡು ಆಂಪಿಯರ್ ತೋರಿಸುತ್ತಿದ್ದ ಮುಳ್ಳು ಸೊನ್ನೆಯ ಹತ್ತಿರ ಬೀಳುತ್ತದೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಪಕ್ಕದಿಂದ ಕರೆಂಟ್ ದಾಟಿಸುವ ಬೈಪಾಸ್ ಡಯೋಡ್ ಇದ್ದರೂ ಸಣ್ಣ ಪ್ಲೇಟಿಗೆ ಅದರಿಂದ ಪ್ರಯೋಜನ ಕಡಿಮೆ. ಅರ್ಧ ಪ್ಲೇಟ್ ಮಾತ್ರ ಉಳಿದರೆ ಬರುವುದು ಎಂಟೊಂಬತ್ತು ವೋಲ್ಟ್, ಅದು 12 ವೋಲ್ಟ್ ಬ್ಯಾಟರಿಗೆ ಹತ್ತುವುದೇ ಇಲ್ಲ.

ತಿಪಟೂರು, ತುರುವೇಕೆರೆ ಕಡೆ ತೆಂಗಿನ ಗರಿಯ ನೆರಳು ಮಧ್ಯಾಹ್ನ ಕಾಣದಿದ್ದರೂ ಮೂರು ಗಂಟೆಗೆ ಪ್ಲೇಟಿನ ಮೇಲೆ ಬಂದು ಕೂತಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಕೆಳಗಿರುವುದರಿಂದ ನೆರಳು ಇನ್ನೂ ಉದ್ದ. ಜಾಗ ಆರಿಸುವ ದಿನ ಬೆಳಗ್ಗೆ ಒಂಬತ್ತು, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಒಂದೊಂದು ಫೋಟೋ ತೆಗೆಯಿರಿ.

ಚಿಕ್ಕಬಳ್ಳಾಪುರದ ಕ್ರಷರ್‌ಗಳ ಹತ್ತಿರ ಇದ್ದರೆ ವಾರಕ್ಕೊಮ್ಮೆ ಒರೆಸಬೇಕು. ಬೆಳಗ್ಗೆ ಗಾಜು ತಣ್ಣಗಿರುವಾಗ, ಒದ್ದೆ ಬಟ್ಟೆಯಿಂದ. ಬೋರ್‌ವೆಲ್‌ನ ಗಡಸು ನೀರು ಸುರಿದು ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಕೂಡಲೇ ಒರೆಸಿ. ತೆಂಗಿನ ನಾರು, ಸೋಪಿನ ಪುಡಿ ಬೇಡ.

## ಹಂತ 9: ಮೀಟರ್ ಹಿಡಿದು ಪರೀಕ್ಷೆ

ಮೋಡವಿಲ್ಲದ ದಿನ ಹನ್ನೊಂದೂವರೆಯಿಂದ ಒಂದರ ಒಳಗೆ ಮಾಡಿ. ತುಮಕೂರಿನಲ್ಲಿ ಸೂರ್ಯ ಅತಿ ಮೇಲೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ 12:20ರ ಸುಮಾರಿಗೆ. ಪ್ಲೇಟನ್ನು ಕಂಟ್ರೋಲರಿನಿಂದ ಬಿಚ್ಚಿ ನೇರ ಸೂರ್ಯನಿಗೆ ಮುಖ ಮಾಡಿ.

ಮೊದಲು ವೋಲ್ಟೇಜ್. ಚೀಟಿಯಲ್ಲಿ 21.6 ಇದ್ದು ಮೀಟರ್ 19 ತೋರಿಸಿದರೆ ಗಾಬರಿ ಬೇಡ, ಬಿಸಿಗೆ ಅಷ್ಟು ಇಳಿಯುತ್ತದೆ. ಆದರೆ ವೋಲ್ಟೇಜ್ ಸರಿ ಇದೆ ಅಂದ ಮಾತ್ರಕ್ಕೆ ಪ್ಲೇಟ್ ಸರಿ ಇದೆ ಅಂತಲ್ಲ. ಮೋಡದಲ್ಲೂ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. "ಮೀಟರ್ ಇಟ್ಟು ನೋಡಿದೆ, ಇಪ್ಪತ್ತು ಬರ್ತಿದೆ, ಪ್ಲೇಟ್ ಪಕ್ಕಾ" ಅಂತ ಹೇಳುವ ಮೆಕ್ಯಾನಿಕ್ಕನ್ನು ಆಂಪಿಯರ್ ಕೇಳಿ.

ಆಮೇಲೆ ಆಂಪಿಯರ್. ಪ್ಲೇಟಿನ ಮೇಲೆ ಗೋಣಿಚೀಲ ಮುಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಎರಡು ಕಡ್ಡಿಯನ್ನು ಪ್ಲೇಟಿನ ಎರಡು ವೈರಿಗೆ ಕ್ಲಿಪ್ ಮಾಡಿ. ಚೀಲ ತೆಗೆದು ಹತ್ತು ಸೆಕೆಂಡಿನಲ್ಲಿ ಓದಿ, ಮತ್ತೆ ಮುಚ್ಚಿ, ಆಮೇಲೆ ಕ್ಲಿಪ್ ಬಿಚ್ಚಿ. ಹೀಗೆ ಮಾಡಿದರೆ ಕಿಡಿ ಹಾರುವುದಿಲ್ಲ. 100 ವ್ಯಾಟ್ ಮೀರಿದ ಪ್ಲೇಟಿಗೆ ಕ್ಲಾಂಪ್ ಮೀಟರೇ ವಾಸಿ. ಆಂಪಿಯರಿಗೆ ಇಟ್ಟ ಮೀಟರನ್ನು ಬ್ಯಾಟರಿಯ ಎರಡು ತುದಿಗೆ ಎಂದೂ ಮುಟ್ಟಿಸಬೇಡಿ. ಮೀಟರೂ ಹೋಗುತ್ತದೆ, ಕೈಯೂ ಸುಡುತ್ತದೆ.

2.4 ಆಂಪಿಯರಿನ ಪ್ಲೇಟಿನಲ್ಲಿ 2.0ರಿಂದ 2.3 ಬಂದರೆ ಸರಿ ಇದೆ. 1.2 ಬಂದರೆ ಧೂಳು, ನೆರಳು ಮತ್ತೊಮ್ಮೆ ನೋಡಿ. ಆಮೇಲೂ ಅಷ್ಟೇ ಆದರೆ ಚೀಟಿ ಸುಳ್ಳು ಅಥವಾ ಸೆಲ್ ಒಡೆದಿದೆ.

ಕೊನೆಗೆ ಎಲ್ಲ ಜೋಡಿಸಿ, ಬ್ಯಾಟರಿಗೆ ಹೋಗುವ ಆಂಪಿಯರ್ ನೋಡಿ. ಬ್ಯಾಟರಿ ತುಂಬಿದ್ದಾಗ ಈ ಪರೀಕ್ಷೆ ಮಾಡಿದರೆ ಅರ್ಥವಿಲ್ಲ. ತುಂಬಿದ ಬ್ಯಾಟರಿಗೆ ಕಂಟ್ರೋಲರೇ ಕರೆಂಟ್ ಕಡಿಮೆ ಮಾಡುತ್ತದೆ. ಹಿಂದಿನ ರಾತ್ರಿ ಬಲ್ಬು ಹಾಕಿ ಸ್ವಲ್ಪ ಇಳಿಸಿಟ್ಟುಕೊಳ್ಳಿ.

## ಎಚ್ಚರಿಕೆಯ ಗುರುತುಗಳು

ಪ್ಲೇಟಿನ ಹಿಂಭಾಗದಲ್ಲಿ ಕಂದು ಅಥವಾ ಕಪ್ಪು ಸುಟ್ಟ ಚುಕ್ಕೆ ಕಂಡರೆ ಆ ಸೆಲ್ ಅತಿಯಾಗಿ ಬಿಸಿಯಾಗುತ್ತಿದೆ. ಹುಲ್ಲಿನ ಚಾವಣಿ ಮೇಲಿದ್ದರೆ ಅವತ್ತೇ ಇಳಿಸಿ. ಹಿಂದಿನ ಡಬ್ಬಿಯಲ್ಲಿ ನೀರು ಅಥವಾ ಇರುವೆ ಗೂಡು ಇದ್ದರೆ ಬಿಚ್ಚಿ ಒಣಗಿಸಿ, ವೈರು ಬರುವ ತೂತನ್ನು ಸಿಲಿಕಾನ್ ಹಾಕಿ ಮುಚ್ಚಿ.

ಕಂಟ್ರೋಲರಿನ ಸ್ಕ್ರೂ ಹತ್ತಿರ ಪ್ಲಾಸ್ಟಿಕ್ ಕರಗಿದ್ದರೆ ವೈರು ಸಡಿಲ ಇದೆ ಅಂತ ಅರ್ಥ. ಲೆಡ್ ಆಸಿಡ್ ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅಥವಾ ಪಕ್ಕ ಉಬ್ಬಿದ್ದರೆ, ಅದು ಮಿತಿ ಮೀರಿ ಚಾರ್ಜ್ ಆಗುತ್ತಿದೆ. ಪ್ಲೇಟಿನ ಮೇಲೆ ಗೋಣಿಚೀಲ ಮುಚ್ಚಿ ವೈರು ಬಿಚ್ಚಿ, ಕಿಟಕಿ ಬಾಗಿಲು ತೆರೆದಿಡಿ, ಹತ್ತಿರ ಬೀಡಿ ಬೆಂಕಿಕಡ್ಡಿ ಬೇಡ. ಅಂಥ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೆ ಓಡಿಸುವ ಪ್ರಯತ್ನ ಮಾಡಬೇಡಿ. ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ವಜಾ ಮಾಡಿಸಿಕೊಳ್ಳಿ. ಹೊಸದನ್ನು ಜೋಡಿಸುವ ಮೊದಲು, ತುಂಬಿದ ಇನ್ನೊಂದು ಬ್ಯಾಟರಿಯನ್ನು ಅದೇ ಕಂಟ್ರೋಲರಿಗೆ ಕೊಟ್ಟು ಬಿಸಿಲಿನಲ್ಲಿ ವೋಲ್ಟೇಜ್ ನೋಡಿ. 15 ದಾಟಿದರೆ ಬದಲಾಯಿಸಬೇಕಾದ್ದು ಕಂಟ್ರೋಲರನ್ನೂ ಹೌದು.